ಗ್ಲೈಕೋಜೆನ್ ಶೇಖರಣಾ ಕಾಯಿಲೆ 1ಎ: ನಾಕ್‌ಔಟ್ ಮರಿಗಳು ಹಾಲು ಬಿಡುವವರೆಗೂ ಉಳಿಯುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ

ಲಿವರ್ ಕೂಡಿಟ್ಟ ಗ್ಲೈಕೋಜೆನ್ (ಗ್ಲೂಕೋಸ್ ದಾಸ್ತಾನು) ರಕ್ತಕ್ಕೆ ಗ್ಲೂಕೋಸ್ ಆಗಿ ಬರಲಾಗದ ಈ ಆನುವಂಶಿಕ ಕಾಯಿಲೆಯ ಮಾದರಿಯಾಗಿ, ಗ್ಲೂಕೋಸ್-6-ಫಾಸ್ಫಟೇಸ್ ಕಿಣ್ವದ ಜಿ6ಪಿಸಿ ಜೀನ್ ಇಡೀ ದೇಹದಲ್ಲಿ ಇಲ್ಲದಿರುವ (ನಾಕ್‌ಔಟ್) ಇಲಿಗಳ ತಳಿ ಇದೆ. ಹೆಟೆರೊಜೈಗಸ್ (ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಇರುವ) ಜೋಡಿಯ ಮರಿಗಳಲ್ಲಿ ನಾಲ್ಕಕ್ಕೊಂದು ನಾಕ್‌ಔಟ್ ಸಿಗಬೇಕು. 21ನೇ ದಿನ ಜೀನೋಟೈಪ್ ಮಾಡಿದರೆ (ಡಿಎನ್‌ಎ ನೋಡಿ ಗುರುತಿಸಿದರೆ) ಸಿಗುವುದು ಅಪರೂಪ. ಹೊಟ್ಟೆ ಉಬ್ಬಿ ಸೊರಗಿದ ಮರಿಗಳಿಗೆ ದಿನಕ್ಕೊಮ್ಮೆ ಗ್ಲೂಕೋಸ್ ಚುಚ್ಚುತ್ತಿದ್ದೇವೆ. ಉಳಿದ ಒಂದೆರಡರ ಲಿವರ್‌ನಲ್ಲಿ ಗ್ಲೈಕೋಜೆನ್ ಅಳೆದರೆ ಒಂದೊಂದು ಸಲ ಒಂದೊಂದು ಅಂಕಿ ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1

ಹೊಟ್ಟೆ ಉಬ್ಬುವವರೆಗೆ ಕಾಯುವುದೇ ಮೊದಲ ತಪ್ಪು. ಗ್ಲೈಕೋಜೆನ್ ಒಡೆದು ಬಂದರೂ, ಲ್ಯಾಕ್ಟೇಟ್‌ನಿಂದ ಹೊಸದಾಗಿ ತಯಾರಾದರೂ ಗ್ಲೂಕೋಸ್ ರಕ್ತಕ್ಕೆ ಸೇರುವ ಕೊನೆಯ ಮೆಟ್ಟಿಲು ಜಿ6ಪಿಸಿಯ ಈ ಕಿಣ್ವವೇ. ಅದಿಲ್ಲದ ಮರಿಗೆ ಎರಡು ಹಾಲಿನ ನಡುವಿನ ಬಿಡುವೇ ಉಪವಾಸ. ಹೊಟ್ಟೆ ಕಾಣುವ ಹೊತ್ತಿಗೆ ಎಷ್ಟೋ ಮರಿಗಳು ಸತ್ತು, ತಾಯಿ ತಿಂದೂ ಆಗಿರುತ್ತದೆ. ಅದಕ್ಕೇ ನಿಮ್ಮ ಎಣಿಕೆ ಸರಿಹೋಗುತ್ತಿಲ್ಲ.

ಹುಟ್ಟಿದ ದಿನವೇ ಬಾಲದ ತುದಿಯಿಂದ ಡಿಎನ್‌ಎ ತೆಗೆಯಿರಿ. ಫಲಿತಾಂಶ ಬರುವವರೆಗೆ ಎಲ್ಲ ಮರಿಗಳಿಗೂ ಗ್ಲೂಕೋಸ್ ಕೊಡಿ. ದಿನಕ್ಕೊಮ್ಮೆ ಸಾಲದು: 15% ಸ್ಟೆರೈಲ್ ಗ್ಲೂಕೋಸ್, 12 ಗಂಟೆಗೊಮ್ಮೆ, ಚರ್ಮದಡಿ, ತೂಕ ನೋಡಿಕೊಂಡು 25ರಿಂದ 100 ಮೈಕ್ರೋಲೀಟರ್. 3 ಗ್ರಾಂ ಮರಿಗೆ 50 ಮೈಕ್ರೋಲೀಟರ್ ಅಂದರೆ 7.5 ಮಿಲಿಗ್ರಾಂ, ಕಿಲೋಗೆ 2.5 ಗ್ರಾಂ ಲೆಕ್ಕ. ಸಾಲುತ್ತಿಲ್ಲವೆಂದು 30 ಪರ್ಸೆಂಟಿಗೆ ಏರಿಸಬೇಡಿ. 15% ದ್ರಾವಣದ ಆಸ್ಮೋಟಿಕ್ ಸಾಂದ್ರತೆಯೇ (ನೀರು ಎಳೆಯುವ ಬಲ) ರಕ್ತದ ಮೂರು ಪಟ್ಟಿಗೆ ಹತ್ತಿರ. ಇನ್ನೂ ಗಟ್ಟಿಯಾದರೆ ಸುತ್ತಲ ನೀರನ್ನು ಎಳೆದುಕೊಂಡು ಚರ್ಮ ಕೆಡಿಸುತ್ತದೆ.

ಚುಚ್ಚುವ ಕೈ ಬಹಳ ಮುಖ್ಯ. 30 ಅಥವಾ 31 ಗೇಜಿನ ಇನ್ಸುಲಿನ್ ಸಿರಿಂಜ್ ತಗೊಳ್ಳಿ, ದ್ರಾವಣ ಮೈಬಿಸಿಗೆ ಬಂದಿರಲಿ. ಕತ್ತಿನ ಹಿಂದಿನ ಸಡಿಲ ಚರ್ಮದಡಿ ಸೂಜಿಯನ್ನು ಸ್ವಲ್ಪ ದೂರ ಮಲಗಿಸಿಕೊಂಡೇ ಸಾಗಿಸಿ, ನಿಧಾನ ಒತ್ತಿ, ಕೆಲವು ಸೆಕೆಂಡ್ ಬಿಟ್ಟು ಹೊರಗೆಳೆಯಿರಿ. ತೂತಿನಲ್ಲಿ ಮಿಂಚುವ ಹನಿ 20 ಮೈಕ್ರೋಲೀಟರ್ ಇದ್ದರೆ 50ರ ಡೋಸಿನಲ್ಲಿ ಐದರಲ್ಲೆರಡು ಪಾಲು ಹೋಯಿತು ಅಂತಲೇ ಅರ್ಥ.

ಇಷ್ಟಾದರೂ ಮರಿಯನ್ನು ನಿಜವಾಗಿ ಸಾಕುವುದು ತಾಯಿಹಾಲೇ. ದಷ್ಟಪುಷ್ಟ ಒಡಹುಟ್ಟುಗಳ ನಡುವೆ ನಾಕ್‌ಔಟ್ ಮರಿಗೆ ಮೊಲೆ ಸಿಗುವುದಿಲ್ಲ. ಕೆಲವನ್ನು ಬೇರೆ ತಾಯಿಗೆ ಬಿಟ್ಟು ಗೂಡಿನಲ್ಲಿ ನಾಲ್ಕೈದೇ ಉಳಿಸಿ. ಕಣ್ಣು ಬಿಟ್ಟ ಮೇಲೆ ನೆನೆಸಿದ ಮೆತ್ತನೆ ಆಹಾರ ಪಂಜರದ ನೆಲದಲ್ಲೇ ಇರಲಿ. 21ಕ್ಕೆ ತಾಯಿಯಿಂದ ಬೇರ್ಪಡಿಸದೆ 28ರವರೆಗೆ ಬಿಡಿ.

ಉತ್ತರ 2

ಮೇಲಿನದೆಲ್ಲ ಸರಿ. ಆದರೆ ನಿಮಗೆ ಬೇಕಿರುವುದು ವಯಸ್ಕ ಇಲಿಯ ಲಿವರ್ ಮಾತ್ರವಾದರೆ ಇಷ್ಟು ಮರಿಗಳನ್ನು ಸಾಯಿಸುವುದು ಬೇಡ. ಜಿ6ಪಿಸಿಯ ಎಕ್ಸಾನ್ 3ರ (ಜೀನಿನ ಒಂದು ತುಂಡು) ಎರಡೂ ಬದಿಗೆ ಲಾಕ್ಸ್‌ಪಿ (ಕತ್ತರಿಸುವ ಗುರುತು) ಇರುವ ಇಲಿಗೆ ಆಲ್ಬುಮಿನ್ ಪ್ರಮೋಟರಿನ ಕ್ರೀ-ಇಆರ್‌ಟಿ2 (ಲಿವರ್‌ನಲ್ಲಿ ಮಾತ್ರ, ಟ್ಯಾಮಾಕ್ಸಿಫೆನ್ ಔಷಧಿ ಕೊಟ್ಟಾಗ ಮಾತ್ರ ಆ ತುಂಡನ್ನು ಕತ್ತರಿಸುವ ಕಿಣ್ವ) ಕೂಡಿಸಿ, 6ರಿಂದ 8 ವಾರದ ವಯಸ್ಸಿನಲ್ಲಿ ದಿನಕ್ಕೆ 1 ಮಿಲಿಗ್ರಾಂ ಟ್ಯಾಮಾಕ್ಸಿಫೆನ್ ಐದು ದಿನ ಹೊಟ್ಟೆಯೊಳಗೆ ಚುಚ್ಚುವ ಮಾದರಿ 2011ರಿಂದ ಇದೆ. ಕಂಟ್ರೋಲ್ (ಹೋಲಿಕೆಗೆ ಇಟ್ಟ) ಇಲಿಗಳಿಗೂ ಟ್ಯಾಮಾಕ್ಸಿಫೆನ್ ಕೊಡಲೇಬೇಕು, ಅದೊಂದೇ ಲಿವರ್‌ನ ಕೊಬ್ಬನ್ನು ಬದಲಿಸಬಲ್ಲದು. ಒಂದು ಮಿತಿ: ಈ ಇಲಿಗಳಲ್ಲಿ ಮೂತ್ರಪಿಂಡ ಮತ್ತು ಕರುಳು ಗ್ಲೂಕೋಸ್ ತಯಾರಿಸಿ ಸರಿದೂಗಿಸುತ್ತವೆ. ಹಾಗಾಗಿ ಲಿವರ್ ಊತ, ಕೊಬ್ಬು, ವಯಸ್ಸಾದಂತೆ ಬರುವ ಅಡಿನೋಮಾ ಗಡ್ಡೆಗಳಿಗೆ ಇದು ಒಳ್ಳೆಯ ಮಾದರಿ. ದೀರ್ಘಕಾಲದ ಹೈಪೊಗ್ಲೈಸೀಮಿಯಾಗೆ (ರಕ್ತದಲ್ಲಿ ಗ್ಲೂಕೋಸ್ ಕಡಿಮೆಯಾಗುವುದಕ್ಕೆ) ಅಲ್ಲ.

ಉತ್ತರ 3

ಗ್ಲೈಕೋಜೆನ್ ಅಂಕಿಯ ಬಗ್ಗೆ. ಇಲಿ ತಿನ್ನುವುದು ಮುಖ್ಯವಾಗಿ ರಾತ್ರಿ. ಬೆಳಿಗ್ಗೆ ತೆಗೆದ ಲಿವರ್‌ಗೂ ಸಂಜೆಯದಕ್ಕೂ ಕಂಟ್ರೋಲ್‌ಗಳಲ್ಲೇ ಬಹಳ ಅಂತರ. ಸಮಯ ಒಂದೇ ಇರಲಿ, ಕೊನೆಯ ಗ್ಲೂಕೋಸ್ ಚುಚ್ಚಿ ಎಷ್ಟು ಹೊತ್ತಾಯಿತು ಎನ್ನುವುದೂ ಒಂದೇ ಇರಲಿ. ಉಸಿರು ನಿಂತ ಕೂಡಲೇ ಫಾಸ್ಫೊರಿಲೇಸ್ ಕಿಣ್ವ ಗ್ಲೈಕೋಜೆನ್ ತಿನ್ನಲು ಶುರುಮಾಡುತ್ತದೆ, ಆದ್ದರಿಂದ ಬೇರೆ ಅಂಗಗಳಿಗಿಂತ ಮೊದಲು ಲಿವರ್ ದ್ರವ ನೈಟ್ರೋಜನ್‌ಗೆ ಹೋಗಬೇಕು.

ಹೆಪ್ಪುಗಟ್ಟಿದ ಸ್ಥಿತಿಯಲ್ಲೇ 20ರಿಂದ 30 ಮಿಲಿಗ್ರಾಂ ತೂಗಿ, ತಣ್ಣನೆ ನೀರಿನಲ್ಲಿ ಅರೆದು, ತಡಮಾಡದೆ 10 ನಿಮಿಷ ಕುದಿಸಿ. ಆಮೇಲೆ ಗ್ಲೈಕೋಜೆನ್ ಒಡೆಯುವ ಅಮೈಲೊಗ್ಲುಕೋಸಿಡೇಸ್ ಕಿಣ್ವ ಹಾಕಿ ಬಿಡುಗಡೆಯಾದ ಗ್ಲೂಕೋಸ್ ಅಳೆಯಿರಿ. ಅದೇ ಮಾದರಿಗೆ ಕಿಣ್ವ ಹಾಕದ ಬ್ಲ್ಯಾಂಕ್ ಇಟ್ಟು ಕಳೆಯದಿದ್ದರೆ ಮೊದಲೇ ಇದ್ದ ಗ್ಲೂಕೋಸೂ ಸೇರಿಕೊಳ್ಳುತ್ತದೆ. ನಾಕ್‌ಔಟ್‌ನಲ್ಲಿ ಗ್ಲೈಕೋಜೆನ್ ಎಷ್ಟಿರುತ್ತದೆಂದರೆ ಕಿಣ್ವಕ್ಕೆ ಮುಗಿಸಲಾಗುವುದಿಲ್ಲ. ಎರಡು ಡೈಲ್ಯೂಶನ್ ಮಾಡಿ (ಬೇರೆ ಬೇರೆ ಪ್ರಮಾಣದಲ್ಲಿ ತೆಳುಮಾಡಿ). ಗುಣಿಸಿದಾಗ ಎರಡೂ ಒಂದೇ ಉತ್ತರ ಕೊಡದಿದ್ದರೆ ಆ ಅಂಕಿ ಬಳಸಬೇಡಿ. ನಿಮ್ಮ ಏರುಪೇರು ಬಹುಪಾಲು ಇಲ್ಲೇ ಇರಬೇಕು.

ಗ್ಲೂಕೋಸ್-6-ಫಾಸ್ಫಟೇಸ್ ಚಟುವಟಿಕೆಯನ್ನೂ ನೋಡುವುದಾದರೆ ಮೈಕ್ರೋಸೋಮ್‌ಗಳ (ಲಿವರ್ ಅರೆದಾಗ ಸಿಗುವ, ಆ ಕಿಣ್ವವಿರುವ ಪೊರೆಯ ತುಣುಕುಗಳ) ಪೊರೆ ಒಡೆದು, ಒಂದು ಭಾಗವನ್ನು ಪಿಎಚ್ 5ರಲ್ಲಿ 37 ಡಿಗ್ರಿಗೆ 10 ನಿಮಿಷ ಇಡಿ. ಈ ಫಾಸ್ಫಟೇಸ್ ಅಷ್ಟಕ್ಕೇ ಸಾಯುತ್ತದೆ. ಉಳಿದದ್ದು ಬೇರೆ ಫಾಸ್ಫಟೇಸ್‌ಗಳ ಕೆಲಸ, ಅದನ್ನು ಕಳೆಯಿರಿ.

ಪ್ರಶ್ನೆ ಕೇಳಿದವರು

ಲೆಕ್ಕ ಸ್ಪಷ್ಟವಾಯಿತು, ಬ್ಲ್ಯಾಂಕ್ ಇಟ್ಟಿರಲಿಲ್ಲ. ಉಳಿದ ನಾಕ್‌ಔಟ್‌ಗಳನ್ನು ರಕ್ತ ತೆಗೆಯುವ ಮೊದಲು ರಾತ್ರಿಯಿಡೀ ಉಪವಾಸ ಬಿಡಬಹುದೇ?

ಉತ್ತರ 1

ಖಂಡಿತ ಬೇಡ, ಬೆಳಿಗ್ಗೆಗೆ ಸತ್ತಿರುತ್ತವೆ. ಹಗಲಲ್ಲಿ, ಕಣ್ಣೆದುರೇ, ಸ್ವಲ್ಪ ಹೊತ್ತು ಮಾತ್ರ ಆಹಾರ ತೆಗೆಯಿರಿ. 15% ಗ್ಲೂಕೋಸ್ ತುಂಬಿದ ಸಿರಿಂಜ್ ಪಕ್ಕದಲ್ಲೇ ಇರಲಿ. ಇಲಿ ಮುದುಡಿ ಕೂತರೆ, ಮುಟ್ಟಿದರೂ ಜರುಗದಿದ್ದರೆ ಗ್ಲೂಕೋಸ್ ಮೀಟರಿನ ಅಂಕಿಗೆ ಕಾಯದೆ ಚುಚ್ಚಿ.