ಅಪ್ಪನ ಡಿಸೆಬಿಲಿಟಿ ಪೆನ್ಶನ್ ತಿರಸ್ಕಾರ ಆಗಿದೆ, ಈಗಲೂ ಅಪೀಲು ಹಾಕಬಹುದಾ?

ದಿಘಿ ಹುಡುಗಿ:
ನಮ್ಮದು ಚಿಕ್ಕೋಡಿ ಕಡೆ, ಈಗ ಪುಣೆಯ ದಿಘಿಯಲ್ಲಿದ್ದೇವೆ. ಅಪ್ಪ 24 ವರ್ಷ ಸೇನೆಯಲ್ಲಿದ್ದು 2019ರಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದರು. ಮೆಡಿಕಲ್ ಬೋರ್ಡ್‌ನವರು ಬಿಪಿಗೆ 30 ಪರ್ಸೆಂಟ್, ಜೀವನಪೂರ್ತಿ ಅಂತ ಕೊಟ್ಟರು. ಆದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ ಪಕ್ಕದಲ್ಲೇ ಬರೆದುಬಿಟ್ಟರು. ಕ್ಲೇಮು ಅಲ್ಲಿಗೇ ಹೋಯಿತು. 6 ತಿಂಗಳಲ್ಲಿ ಅಪೀಲು ಹಾಕಿ ಅಂತ ಪತ್ರದಲ್ಲಿತ್ತು, ಅಪ್ಪ ಹಾಕಲಿಲ್ಲ. ಸುಮ್ನೆ ಕೆದಕಿದರೆ ಬರುತ್ತಿರುವ ಪೆನ್ಶನ್ನೂ ನಿಂತೀತು ಅಂತ ಅವರಿಗೆ ಭಯ. ಈಗ ಏನಾದರೂ ದಾರಿ ಇದೆಯಾ?

ಹಳೇ ಸುಬೇದಾರ್, ಖಡಕಿ:
ತಂಗೀ, ಮೊದಲು ಆ ಭಯ ಬಿಡಿಸು. ಸರ್ವಿಸ್ ಪೆನ್ಶನ್ ಬೇರೆ, ಇದು ಬೇರೆ, ಅದನ್ನು ಯಾರೂ ಮುಟ್ಟುವುದಿಲ್ಲ. ಬೋರ್ಡಿನ ಪೂರ್ತಿ ಕಾಪಿ ಮನೆಯಲ್ಲಿದೆಯಾ? ಇಲ್ಲದಿದ್ದರೆ ರೆಕಾರ್ಡ್ಸ್ ಆಫೀಸಿಗೆ ಬರೆದು ತರಿಸು, ಕೊಡದಿದ್ದರೆ ಆರ್‌ಟಿಐ ಹಾಕು. ಕಾಯಿಲೆ ಯಾವಾಗ, ಎಲ್ಲಿ ಶುರುವಾಯಿತು ಅಂತ ಅದರಲ್ಲಿ ಇರುತ್ತದೆ. ಬಿಪಿ ಕೇಸಿನಲ್ಲಿ ಬಹಳ ಸಲ 'ಪೀಸ್ ಸ್ಟೇಷನ್‌ನಲ್ಲಿ (ಅಂದರೆ ಶಾಂತ ಜಾಗದ ಪೋಸ್ಟಿಂಗ್‌ನಲ್ಲಿ) ಶುರುವಾಗಿದೆ' ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಅಪ್ಪ ಫೀಲ್ಡಿನಲ್ಲಿ, ಅಂದರೆ ಗಡಿಯಂಥ ಕಠಿಣ ಜಾಗಗಳಲ್ಲಿ, ಎಲ್ಲೆಲ್ಲಿದ್ದರು ಅನ್ನುವುದನ್ನು ತಾರೀಖಿನ ಸಮೇತ ಬರೆಸಿಕೋ. ಭರ್ತಿಯಾದಾಗ ಗಟ್ಟಿಮುಟ್ಟಾಗಿದ್ದರು ಅಲ್ವಾ? ಅಪೀಲಿನ ಜೀವಾಳ ಅದೇ.

ಠಾಣೆ ವಕೀಲ:
ಸಾಹೇಬರು ಹೇಳಿದ್ದು ಸರಿ. ಧರಂವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಇದನ್ನು ಹೇಳಿದೆ. ಭರ್ತಿಯಾಗುವಾಗ ಕಾಯಿಲೆಯ ನಮೂದು ಇಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಹಿಡಿಯಬೇಕು, ಅಲ್ಲ ಅನ್ನುವುದಾದರೆ ಸರ್ಕಾರವೇ ಕಾರಣ ತೋರಿಸಬೇಕು. ತಡವಾದದ್ದಕ್ಕೆ ಕಾರಣ ಬರೆದು ಮೊದಲನೇ ಅಪೀಲು ಈಗಲೇ ಹಾಕಿ. 6 ತಿಂಗಳು ಕಾದರೂ ಉತ್ತರ ಬರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಪುಣೆಯಲ್ಲಿ ಇರುವವರಿಗೆ ಮುಂಬೈ ಪೀಠ, ಗೋವಾದವರಿಗೂ ಇದೇ. ಊರಿಗೆ ವಾಪಸ್ ಹೋಗಿ ಅಲ್ಲಿಂದ ಹಾಕಿದರೆ ಕೊಚ್ಚಿ ಪೀಠ, ಹಾಗಾಗಿ ಮನೆ ಬದಲಿಸುವ ಯೋಚನೆ ಇದ್ದರೆ ಮೊದಲೇ ತೀರ್ಮಾನ ಮಾಡಿಕೊಳ್ಳಿ. ತಡವಾಯಿತು ಅಂತ ಕೇಸು ಬಿದ್ದುಹೋಗುವುದು ಕಡಿಮೆ, ಏಕೆಂದರೆ ಪೆನ್ಶನ್ ಪ್ರತಿ ತಿಂಗಳ ಹಕ್ಕು. ಆದರೆ ಬಾಕಿ ಸಾಮಾನ್ಯವಾಗಿ ಕೇಸು ಹಾಕಿದ ದಿನದಿಂದ ಹಿಂದಿನ 3 ವರ್ಷದ್ದು ಮಾತ್ರ ಸಿಗುತ್ತದೆ. ಕೂತಷ್ಟೂ ನಷ್ಟ ನಿಮಗೇ.

ಇನ್ನೊಂದು, 30 ಇದ್ದದ್ದು 50 ಅಂತ ರೌಂಡ್ ಆಗುತ್ತದೆ. ಅವಧಿ ಮುಗಿಸಿ ರಿಟೈರ್ ಆದವರಿಗೂ ಇದು ಸಿಗಬೇಕು ಅಂತ 2014ರ ರಾಮ್ ಅವತಾರ್ ತೀರ್ಪಿನಲ್ಲಿದೆ. 100 ಪರ್ಸೆಂಟಿಗೆ ಕೊನೆಯ ಸಂಬಳದ ಶೇ 30 ಲೆಕ್ಕ. ಸಂಬಳ 40,000 ಇತ್ತು ಅನ್ನಿ, 30ಕ್ಕೆ 3,600 ಆಗುವುದು 50ಕ್ಕೆ 6,000 ಆಗುತ್ತದೆ. ಅದನ್ನು ಅರ್ಜಿಯಲ್ಲೇ ಕೇಳಿ, ತಾನಾಗಿ ಕೊಡುತ್ತಾರೆ ಅಂತ ಕೂರಬೇಡಿ.

ಮಡಗಾಂವ್ ಮಾಮ:
ಎಲ್ಲರದ್ದೂ ಆಗುತ್ತದೆ ಅಂತ ತಿಳಿಯಬೇಡಮ್ಮ. ನನಗೆ ಬೋರ್ಡು ಕೊಟ್ಟದ್ದೇ 20ಕ್ಕಿಂತ ಕಡಿಮೆ, ನಾನು ಅಲ್ಲೇ ಸಿಕ್ಕಿಬಿದ್ದೆ. ನಿಮ್ಮದು 30 ಇದೆ, ಪುಣ್ಯ. ಮತ್ತೆ 2023ರ ಹೊಸ ನಿಯಮ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಅದು ಆ ವರ್ಷ ಸೆಪ್ಟೆಂಬರ್ 21ರಿಂದ ಈಚೆ ರಿಟೈರ್ ಆದವರಿಗೆ.

ದಿಘಿ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಟ್ರಂಕಿನ ಕೀಲಿ ಕೊಡಲು ಅಪ್ಪ ಒಪ್ಪಲೇ ಇಲ್ಲ, ಅಮ್ಮನೇ ತೆಗೆದುಕೊಟ್ಟರು. ಕಾಪಿ ಸಿಕ್ಕಿತು, ಸುಬೇದಾರ್ ಸಾಹೇಬರು ಹೇಳಿದ ಅದೇ ಸಾಲು ಇದೆ! ಬಿಪಿ ಗೊತ್ತಾದದ್ದು ಝಾನ್ಸಿಯಲ್ಲಿ, ಅದಕ್ಕೂ ಮುಂಚೆ ಕಾಶ್ಮೀರದ ಕುಪ್ವಾರಾ. ಎಷ್ಟು ದಿನ ಇದ್ದಿರಿ ಅಂತ ಕೇಳಿದರೆ ಟಿವಿ ಕಡೆ ಮುಖ ಮಾಡಿಕೊಂಡೇ ಹೋದ ತಾರೀಖು, ಬಂದ ತಾರೀಖು ಎರಡೂ ಹೇಳಿದರು. ಬರೆದುಕೊಂಡಿದ್ದೇನೆ.