ಸಹಾಯ ಬೇಕು: ಚರ್ಮದ ಲಿಂಫೋಮಾ ಇರುವ ಅಪ್ಪನಿಗೆ ಸರ್ಪಸುತ್ತು

ಅಪ್ಪನಿಗೆ ಮೈಕೋಸಿಸ್ ಫಂಗಾಯ್ಡಿಸ್, ಅಂದರೆ ಚರ್ಮದ ಟಿ-ಕೋಶ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಇದೆ. ಹೋದ ವಾರ ಎಡ ಪಕ್ಕೆಯಲ್ಲಿ ಉರಿ ಎಂದರು. ಹಳೆಯ ಕೆಂಪು ಮಚ್ಚೆಯೇ ಕೆರಳಿರಬೇಕೆಂದು ಮುಲಾಮು ಹಚ್ಚಿ ಎರಡು ದಿನ ಕಳೆದೆವು, ತಪ್ಪು ನಮ್ಮದೇ. ಮೂರನೆಯ ದಿನ ಅಂಗಿ ಎತ್ತಿ ನೋಡಿದರೆ ಬೆನ್ನಿನಿಂದ ಹೊಟ್ಟೆಯವರೆಗೆ ನೀರುಗುಳ್ಳೆಗಳ ಸಾಲು. ಸರ್ಪಸುತ್ತು! ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕಂತೆ, ಹೇಗೋ ಆಯಿತು. ವೈರಾಣು ತಡೆಯುವ ವಾಲಸೈಕ್ಲೋವಿರ್ ನಡೆದಿದೆ. ಗುಳ್ಳೆ ಒಣಗುತ್ತಿವೆ, ಉರಿ ಮಾತ್ರ ಬಿಟ್ಟಿಲ್ಲ. ಬನಿಯನ್ ತಾಗಿದರೂ ಬೆಚ್ಚಿಬೀಳುತ್ತಾರೆ.

ಇದೇ ಕಾಯಿಲೆಯ ನಡುವೆ ಸರ್ಪಸುತ್ತು ಕಂಡವರಿದ್ದರೆ ದಯವಿಟ್ಟು ತಿಳಿಸಿ. ಲಿಂಫೋಮಾಕ್ಕೆ ಕೊಡುವ ಬೆಳಕಿನ ಚಿಕಿತ್ಸೆಯನ್ನು (ಚರ್ಮಕ್ಕೆ ನೇರಳಾತೀತ ಕಿರಣ ಬಿಡುವುದು) ಎಷ್ಟು ದಿನ ನಿಲ್ಲಿಸಿದ್ದರು? ಜೀವಂತ ವೈರಾಣು ಇಲ್ಲದ ಸರ್ಪಸುತ್ತಿನ ಲಸಿಕೆಯನ್ನು ಆಮೇಲೆ ಯಾವಾಗ ಕೊಟ್ಟರು? ಸೋಮವಾರ ವೈದ್ಯರ ಭೇಟಿಯಿದೆ, ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತೇನೆ. ಮನೆಮದ್ದಿನ ಸಲಹೆ ಬೇಡ.