ಕನ್ನಡ ಮೀಡಿಯಂನವರು ವ್ಯಾಪಾರದ ಇಂಗ್ಲಿಷ್ ಮೇಲ್ ಬರೆಯೋದು ಹೇಗೆ ರೂಢಿ ಮಾಡಿಕೊಳ್ಳಬೇಕು?

ಗಂಜ್ ಹುಡುಗ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ದಾಲ್ ಮಿಲ್ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಲ್ಲಿನ ಧಾನ್ಯ ಮಾರುಕಟ್ಟೆ ನೆಹರು ಗಂಜಿನ ವ್ಯವಹಾರ ಕನ್ನಡ, ಹಿಂದಿಯಲ್ಲಿ ಫೋನಿನಲ್ಲೇ ಮುಗಿಯುತ್ತದೆ, ಅದರಲ್ಲೇನೂ ಕಷ್ಟ ಇಲ್ಲ. ಆದರೆ ನಮ್ಮ ಬೇಳೆ ಜಾಸ್ತಿ ಹೋಗುವುದು ತಮಿಳುನಾಡು ಕಡೆ. ಅವರಿಗೆ ನಮ್ಮ ಭಾಷೆ ಬರಲ್ಲ, ನಮಗೆ ಅವರದು ಬರಲ್ಲ, ಹಾಗಾಗಿ ಮೇಲ್ ಅಂದರೆ ಇಂಗ್ಲಿಷೇ.

ಸೂಪರ್ ಮಾರ್ಕೆಟ್‌ನಲ್ಲಿ ಲೆಟರ್ ರೈಟಿಂಗ್ ಪುಸ್ತಕ ತಂದೆ. ಅದರಲ್ಲಿ ಬ್ಯಾಂಕ್ ಮ್ಯಾನೇಜರಿಗೆ ಪತ್ರ, ರಜೆ ಅರ್ಜಿ ಇಂಥವೇ ಇವೆ. ಬಾಕಿ ಕೇಳೋದು, ಲಾರಿ ತಡವಾದರೆ ತಿಳಿಸೋದು, ಬೇಳೆಯಲ್ಲಿ ತೇವ ಜಾಸ್ತಿ ಇದೆ ಅಂತ ತಕರಾರು ಬಂದರೆ ಉತ್ತರ ಕೊಡೋದು, ನನಗೆ ಬೇಕಾದದ್ದು ಇವು. ಮೊಬೈಲಿನಲ್ಲಿ ಎಐಗೆ ಹೇಳಿದರೆ ಚೆಂದಾಗಿ ಬರೆದುಕೊಡುತ್ತದೆ, ಆದರೆ ಸಾಹುಕಾರರು "ಈ ಸಾಲಿನಲ್ಲಿ ಏನು ಹೇಳೀದಿ?" ಅಂತ ಕೇಳಿದಾಗ ನನಗೇ ಖಾತ್ರಿ ಇರಲ್ಲ. ನಾನೇ ಕಲಿಯಬೇಕು ಅಂತಿದೀನಿ. ದಿನಾ ಸಂಜೆ ಸ್ವಲ್ಪ ಹೊತ್ತು ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ?

ಹತ್ತಿ ಲೆಕ್ಕ, ಯಾದಗಿರಿ:

ತಮ್ಮಾ, ಪುಸ್ತಕ ಪಕ್ಕಕ್ಕಿಡು. ನಿನಗೆ ಬೇಕಾದ ಪುಸ್ತಕ ನಿಮ್ಮ ಆಫೀಸಿನಲ್ಲೇ ಇದೆ, ಅದು ಹಳೆ ಮೇಲ್‌ಗಳ ಇನ್‌ಬಾಕ್ಸ್. ನಾನು ಹತ್ತಿ ವ್ಯಾಪಾರದ ಆಫೀಸಿನಲ್ಲಿ ತುಂಬಾ ವರ್ಷದಿಂದ ಇದೀನಿ, ಹೊಸದಾಗಿ ಬಂದ ಹುಡುಗರಿಗೆ ಹೀಗೇ ಮಾಡಿಸುತ್ತೇನೆ. ಖರೀದಿದಾರರಿಂದ ಬಂದ ಒಂದು ಹಳೆ ಮೇಲ್ ತೆಗಿ. ನಿಮ್ಮವರು ಕಳಿಸಿದ ಉತ್ತರ ನೋಡಬೇಡ. ಆ ವ್ಯಕ್ತಿ ಏನು ಕೇಳಿದ್ದಾರೆ, ನಿನ್ನ ಮೇಲ್ ಓದಿ ಏನು ಮಾಡಬೇಕು, ಅದನ್ನ ಕನ್ನಡದಲ್ಲಿ ಒಂದು ಸಾಲು ಬರಿ. ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರಿ. ಕೊನೆಗೆ ಕಳಿಸಿದ ಉತ್ತರ ತೆಗೆದು ಹೋಲಿಸು. ಕೆಲವು ಸಲ ನಿನ್ನದೇ ಚೆನ್ನಾಗಿರುತ್ತದೆ, ಯಾಕಂದ್ರೆ ಹಳೆಯವು ಸುಮ್ನೆ ಉದ್ದ ಇರುತ್ತವೆ.

ಬಾಕಿ ಕೇಳೋದನ್ನೇ ತಗೋ. ನಮ್ಮ ಕಡೆ ಹೇಗೆ ಬರೆಯುತ್ತಾರೆ ಅಂದರೆ, ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದ ಅಬೌವ್ ಸಬ್ಜೆಕ್ಟ್ ಅಂತ ಶುರು ಮಾಡಿ, ಮೂರು ಸಾಲು ಮರ್ಯಾದೆ ಮುಗಿಸಿ, ಕೈಂಡ್ಲಿ ಡೂ ದ ನೀಡ್‌ಫುಲ್ ಅಂತ ಬಿಡುತ್ತಾರೆ. ಓದಿದವನಿಗೆ ಯಾವ ಬಿಲ್, ಎಷ್ಟು ದುಡ್ಡು, ಯಾವಾಗ ಕೊಡಬೇಕು, ಒಂದೂ ಗೊತ್ತಾಗಲ್ಲ. ಅವನು ಮೇಲ್ ಮುಚ್ಚಿ ಬೇರೆ ಕೆಲಸ ನೋಡುತ್ತಾನೆ. ಅದರ ಬದಲು ಹೀಗೆ ಬರಿ:

"ಇನ್‌ವಾಯ್ಸ್ 214 ಡೇಟೆಡ್ 3 ಮಾರ್ಚ್ ಫಾರ್ ರುಪೀಸ್ (ಇಲ್ಲಿ ಮೊತ್ತ) ವಾಸ್ ಡ್ಯೂ ಆನ್ 2 ಏಪ್ರಿಲ್. ವಿ ಹ್ಯಾವ್ ನಾಟ್ ರಿಸೀವ್ಡ್ ದ ಪೇಮೆಂಟ್ ಯೆಟ್. ಪ್ಲೀಸ್ ಲೆಟ್ ಅಸ್ ನೋ ವೆನ್ ಯು ವಿಲ್ ಪೇ. ದ ಇನ್‌ವಾಯ್ಸ್ ಈಸ್ ಅಟ್ಯಾಚ್ಡ್."

ಇಷ್ಟೇ. ಸಬ್ಜೆಕ್ಟ್ ಸಾಲಿನಲ್ಲೂ ಬಿಲ್ ನಂಬರ್ ಇರಲಿ, ನಾಳೆ ಹುಡುಕೋಕೆ ಅವರಿಗೂ ಸುಲಭ, ನಿನಗೂ ಸುಲಭ. ದುಡ್ಡು ಬರದಿದ್ದರೆ ಎರಡನೇ ಮೇಲ್ ಸ್ವಲ್ಪ ಗಟ್ಟಿ ಇರಲಿ. ನಿಮ್ಮ ಮಿಲ್ ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಆಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ ಖರೀದಿದಾರರು 45 ದಿನದೊಳಗೆ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ಆದರೆ ಮೊದಲನೇ ಮೇಲ್‌ನಲ್ಲೇ ಕಾಯ್ದೆ ತೆಗೆಯಬೇಡ, ಸಂಬಂಧ ಕೆಡುತ್ತದೆ. ಈ ಹದ ಯಾವ ಪುಸ್ತಕದಲ್ಲೂ ಸಿಗಲ್ಲ, ಹಳೆ ಮೇಲ್ ಓದಿದರೇ ಗೊತ್ತಾಗೋದು.

ಬಿದರಿ ಮನೆ, ಬೀದರ್:

ಕಾಕಾ ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸುತ್ತೇನೆ. ಹೊಸಬರಿಗೆ ಬಾಯಿಪಾಠದ ಸಾಲುಗಳೂ ಬೇಕು ರೀ. ಎಲ್ಲ ಸಾಲು ಹೊಸದಾಗಿ ಕಟ್ಟುತ್ತಾ ಕೂತರೆ ಒಂದು ಮೇಲ್‌ಗೇ ಅರ್ಧ ದಿನ ಹೋಗುತ್ತದೆ. ನಾನು ಒಂದು ನೋಟ್‌ಬುಕ್ ಇಟ್ಟಿದೀನಿ, ಕೇಳೋದಕ್ಕೆ ಒಂದು ಪುಟ, ತಡ ಆಗುತ್ತೆ ಅಂತ ತಿಳಿಸೋದಕ್ಕೆ ಒಂದು, ಆಗಲ್ಲ ಅಂತ ಹೇಳೋದಕ್ಕೆ ಒಂದು. ಬೇರೆಯವರ ಮೇಲ್‌ನಲ್ಲಿ ಒಳ್ಳೆ ಸಾಲು ಕಂಡರೆ ಅಲ್ಲಿ ಬರೆದುಕೊಳ್ಳುತ್ತೇನೆ. ಆಗಲ್ಲ ಅನ್ನೋ ಪುಟವೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ನಮ್ಮ ಮನೆಯಲ್ಲಿ ಬಿದರಿ ಕೆಲಸ, ಹೊರದೇಶದ ಆರ್ಡರ್ ನಾನೇ ನೋಡುವುದು. ಅವರು ಒಂದೇ ಮೇಲ್‌ನಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಾರೆ. ಹೂದಾನಿ ಎಷ್ಟು ಎತ್ತರ, ಕಪ್ಪು ಬಣ್ಣ ಪೇಂಟಾ, ಬೆಳ್ಳಿ ಅಸಲಿಯಾ, ಯಾವಾಗ ಕಳಿಸುತ್ತೀರಿ. ನಮ್ಮವರು ಬರೀ ಬೆಲೆ ಬರೆದು ಕಳಿಸಿಬಿಡುತ್ತಾರೆ, ಕೇಳಿದ್ದನ್ನೇ ಕೇಳೋಕೆ ಅವರು ಮತ್ತೆ ಬರೆಯಬೇಕು. ಅವರು ಕೇಳಿದ ಕ್ರಮದಲ್ಲೇ ಒಂದೊಂದಕ್ಕೂ ಬೇರೆ ಬೇರೆ ಸಾಲಿನಲ್ಲಿ ಉತ್ತರ ಕೊಡಿ. ಕಪ್ಪು ಬಣ್ಣದ ಪ್ರಶ್ನೆಗೆ ನಾನು ಬರೆಯೋದು ಇಷ್ಟು: ಇದು ಪೇಂಟ್ ಅಲ್ಲ, ಸತು ಮತ್ತು ತಾಮ್ರದ ಮಿಶ್ರಲೋಹ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನೋ ಉಪ್ಪಿನಿಂದ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ನಮ್ಮ ಕೆಲಸ ನಮಗೆ ಚೆನ್ನಾಗಿ ಗೊತ್ತಿರೋದರಿಂದ ಇಂಗ್ಲಿಷ್ ಸಣ್ಣದಿದ್ದರೂ ಸಾಕು, ಅವರಿಗೆ ಅರ್ಥ ಆಗುತ್ತದೆ.

ತಾರೀಖು, ಅಂಕಿ ಜೋಪಾನ. 05/06 ಅಂತ ಬರೆದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರು ಅಕ್ಷರದಲ್ಲೇ ಬರೆಯಿರಿ. ಲಕ್ಷ ಅಂದರೂ ಅವರಿಗೆ ತಿಳಿಯಲ್ಲ, ನಾವು 1,50,000 ಅಂತ ಬರೆಯೋದನ್ನು ಅವರು 150,000 ಅಂತ ಬರೆಯುತ್ತಾರೆ. ನಿಮ್ಮ ತಮಿಳುನಾಡಿನವರಿಗೆ ಇದು ಬೇಡ, ಮುಂದೆ ಹೊರದೇಶಕ್ಕೆ ಬೇಳೆ ಕಳಿಸಿದರೆ ಬೇಕಾಗುತ್ತದೆ.

ಸಂಜೆ ಕ್ಲಾಸ್, ಕಲಬುರಗಿ:

ಎಐ ಬಿಡಬೇಡಿ, ಆದರೆ ಕ್ರಮ ತಿರುಗಿಸಿ. ಮೊದಲು ನೀವು ಬರೆಯಿರಿ, ಆಮೇಲೆ ಅದಕ್ಕೆ ಕೊಟ್ಟು "ತಪ್ಪು ತೋರಿಸು, ತಿದ್ದಿ ಬರೆಯಬೇಡ, ಕಾರಣ ಕನ್ನಡದಲ್ಲಿ ಹೇಳು" ಅನ್ನಿ. ತಿದ್ದೋದು ನಿಮ್ಮ ಕೈಯಲ್ಲೇ ಆಗಲಿ. ಪಾರ್ಟಿ ಹೆಸರು, ಬೆಲೆ, ಬ್ಯಾಂಕ್ ನಂಬರ್ ತೆಗೆದು ಹಾಕಿ, ಅದು ಸಾಹುಕಾರರ ಗುಟ್ಟು.

ಗಂಜ್ ಹುಡುಗ, ಕಲಬುರಗಿ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತೇ ಒಂದು ಹಳೆ ಮೇಲ್ ತೆಗೆದು ಕೂತಿದೀನಿ. ಲಾರಿ ಕೆಟ್ಟು ಮಾಲು ಒಂದು ದಿನ ತಡ, ಅದನ್ನ ತಿಳಿಸಬೇಕು. ಕಾರಣ ಮೊದಲು ಬರೆಯೋದಾ, ಕ್ಷಮೆ ಮೊದಲಾ?

ಹತ್ತಿ ಲೆಕ್ಕ, ಯಾದಗಿರಿ:

ಎರಡೂ ಅಲ್ಲ ತಮ್ಮಾ, ಮಾಲು ಯಾವತ್ತು ಮುಟ್ಟುತ್ತದೆ ಅನ್ನೋದು ಮೊದಲು. ಅವರು ಹಮಾಲರನ್ನು ಕರೆಸಿಟ್ಟಿರುತ್ತಾರೆ, ಗೋದಾಮು ತೆಗೆದಿಟ್ಟಿರುತ್ತಾರೆ, ಅವರಿಗೆ ಬೇಕಾದದ್ದು ಹೊಸ ದಿನ. ಆಮೇಲೆ ಕಾರಣ ಒಂದು ಸಾಲು, ಕ್ಷಮೆ ಒಂದು ಸಾಲು. ಲಾರಿ ನಂಬರ್, ಡ್ರೈವರ್ ಫೋನ್ ನಂಬರ್ ಕೆಳಗೆ ಹಾಕು. ಬರೆದು ಇಲ್ಲಿ ಹಾಕು, ನಂಬರ್ ಬಿಟ್ಟು, ನೋಡಿ ಹೇಳ್ತೀನಿ.